ಮೆಜೆಸ್ಟಿಕ್‌ನಿಂದ ಮಾದಾವರದವರೆಗೆ: ಸಣ್ಣ ಉದ್ಯಮಿಗಳಿಗೊಂದು ಸಭಾಂಗಣ

ಬೆಳಿಗ್ಗೆ ಒಂಬತ್ತೂವರೆ. ಮೆಜೆಸ್ಟಿಕ್‌ನ ಕೆಂಪೇಗೌಡ ಮೆಟ್ರೊ ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲ. ಪೀಣ್ಯ, ದಾಸರಹಳ್ಳಿ ಕಡೆಯ ಹಸಿರು ಮಾರ್ಗವೂ ವೈಟ್‌ಫೀಲ್ಡ್–ಚಲ್ಲಘಟ್ಟದ ನೇರಳೆ ಮಾರ್ಗವೂ ಕೂಡುವುದು ಇಲ್ಲೇ. ಹೊರಗೆ ಬಂದರೆ ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣ, ಆಚೆಗೆ ರೈಲು ನಿಲ್ದಾಣ. ಪೀಣ್ಯದ ಕೆಲವು ವರ್ಕ್‌ಶಾಪ್ ಮಾಲೀಕರು ಒಂದು ದಿನದ ಸಮ್ಮೇಳನಕ್ಕೆ ಜಾಗ ಹುಡುಕುತ್ತಿದ್ದಾರೆ. ಅವರ ಜತೆ ನಾನೂ ಹೊರಟಿದ್ದೇನೆ. ಬರುವವರು ಸುಮಾರು ನೂರೈವತ್ತು ಜನ. ಲೇತ್ ಇಟ್ಟುಕೊಂಡವರು, ಪ್ಯಾಕಿಂಗ್ ಡಬ್ಬಿ ಮಾಡುವವರು, ತುಮಕೂರು, ರಾಮನಗರದಿಂದ ಬರುವ ಒಂದಿಷ್ಟು ಮಂದಿ. ಮಾತಾಡಬೇಕಾದ ವಿಷಯಗಳು ಗಟ್ಟಿ ಇವೆ. ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಹೆಚ್ಚೆಂದರೆ 45 ದಿನದೊಳಗೆ ಬರಬೇಕಾದ ಬಿಲ್ ಹಣವನ್ನು ದೊಡ್ಡ ಕಂಪನಿಗಳಿಂದ ವಸೂಲು ಮಾಡುವುದು ಹೇಗೆ ಎಂಬುದು ಒಂದು. 2025ರ ಏಪ್ರಿಲ್‌ನಿಂದ ಹತ್ತು ಕೋಟಿ ವಹಿವಾಟಿನವರೆಗೂ ಅತಿ ಸಣ್ಣ ಉದ್ಯಮವೆಂದೇ ಲೆಕ್ಕ. ಅದರಿಂದ ಆಗುವ ಅನುಕೂಲವೇನು ಎಂಬುದು ಇನ್ನೊಂದು.

ಇವರಲ್ಲಿ ಹೆಚ್ಚಿನವರು ಶಟರ್ ಎಳೆದು ಬರುವವರು. ಅಂದಿನ ದುಡಿಮೆ ಹೋದಂತೆಯೇ. ಹಾಗಾಗಿ ಹಾಲ್ ಆರಿಸುವಾಗ ವೇದಿಕೆ ಎಷ್ಟು ಚೆಂದ ಎಂಬುದಕ್ಕಿಂತ, ಇವರು ಹತ್ತು ಗಂಟೆಯೊಳಗೆ ಬಂದು ಕೂರಬಲ್ಲರೇ, ಮಧ್ಯಾಹ್ನ ಒಬ್ಬರನ್ನೊಬ್ಬರು ನಿಂತು ಮಾತಾಡಿಸಬಲ್ಲರೇ ಎಂಬುದನ್ನೇ ಮೊದಲು ನೋಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೆಂಪೇಗೌಡ ರಸ್ತೆ ಹಿಡಿದು ನಡೆದರೆ ಮೈಸೂರು ಬ್ಯಾಂಕ್ ವೃತ್ತ. ಬ್ಯಾಂಕ್ 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾದರೂ ಆಟೊದವರ ಬಾಯಲ್ಲಿ ವೃತ್ತಕ್ಕೆ ಅದೇ ಹೆಸರು. ಇದೇ ರಸ್ತೆಯಲ್ಲಿದೆ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ, ಎಲ್ಲರೂ ಕರೆಯುವಂತೆ ಎಫ್‌ಕೆಸಿಸಿಐ. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ, 1916ರಲ್ಲಿ, ಹುಟ್ಟಿದ ಸಂಸ್ಥೆ ಇದು. ಚಿಕ್ಕಪೇಟೆ, ಅವೆನ್ಯೂ ರಸ್ತೆ, ಬಿಡಿಭಾಗಗಳ ಎಸ್.ಪಿ. ರಸ್ತೆ ಎಲ್ಲವೂ ಇಲ್ಲಿಗೆ ಹತ್ತಿರ. ಸಭೆ ಮುಗಿಸಿ ಹಾಗೇ ಒಂದು ಬೇರಿಂಗೋ ಸ್ವಿಚ್ಚೋ ಕೊಂಡು ಮನೆಗೆ ಹೋಗಬಹುದಾದ ಜಾಗ ಸಣ್ಣ ಉದ್ಯಮಿಗೆ ಎಷ್ಟು ಒಪ್ಪುತ್ತದೆ ಎಂಬುದು ಐಷಾರಾಮಿ ಹೋಟೆಲುಗಳ ಕ್ಯಾಟಲಾಗಿನಲ್ಲಿ ಸಿಗುವುದಿಲ್ಲ.

ಒಂದು ತೊಡಕಿದೆ, ದಿನಾಂಕ ಗೊತ್ತು ಮಾಡುವಾಗ ಅದನ್ನು ಮರೆಯಬಾರದು. ರೈಲು ನಿಲ್ದಾಣದಿಂದ ಹೊರಡುವ ಮೆರವಣಿಗೆಗಳೆಲ್ಲ ಸ್ವಾತಂತ್ರ್ಯ ಉದ್ಯಾನದ ಕಡೆಗೇ ಹೋಗುತ್ತವೆ. ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ಶೇಷಾದ್ರಿ ರಸ್ತೆ, ಕೆ.ಜಿ. ರಸ್ತೆ ಎರಡೂ ಕಟ್ಟಿಕೊಳ್ಳುತ್ತವೆ. ಮೆಟ್ರೊದಲ್ಲಿ ಬರುವವರಿಗೆ ಅಡ್ಡಿಯಿಲ್ಲ. ಊಟದ ಪಾತ್ರೆ ಹೊತ್ತ ಟೆಂಪೊಗೆ ಇದೆ.

ಗಾಂಧಿನಗರದ ಒಂದು ಹೋಟೆಲಿನ ಹಾಲ್ ಒಳಗೆ ಹೋದೆವು. ವ್ಯವಸ್ಥಾಪಕರು ಇನ್ನೂರೈವತ್ತು ಜನ ಹಿಡಿಸುತ್ತದೆ ಎಂದರು. ಸಾಲು ಕುರ್ಚಿ ಹಾಕಿದರೆ ನಿಜ. ದುಂಡು ಮೇಜು ಹಾಕಿ ಗುಂಪು ಚರ್ಚೆ ಮಾಡಿಸಬೇಕೆಂದರೆ ಅದರ ಅರ್ಧಕ್ಕೆ ಇಳಿಯುತ್ತದೆ. ಹಾಲ್ ನಡುವೆ ಎರಡು ಕಂಬ. ಎಡಗಡೆಯ ಹಿಂದಿನ ಮೂರು ಸಾಲಿನಲ್ಲಿ ಕೂತರೆ ಪರದೆಯ ಬದಲು ಕಂಬವೇ ಕಾಣುತ್ತದೆ. ನಮ್ಮ ಜತೆಗಿದ್ದ ಹಿರಿಯ ಮಾಲೀಕರೊಬ್ಬರು ಕೊನೆಯ ಕುರ್ಚಿಯಲ್ಲಿ ಕೂತು, ವೇದಿಕೆ ಮೇಲಿದ್ದ ಹುಡುಗನಿಗೆ ಮೈಕ್ ಬಿಟ್ಟು ಮಾತಾಡಲು ಹೇಳಿದರು. ಅವನ ಮಾತಿಗಿಂತ ಎ.ಸಿ.ಯ ಸದ್ದೇ ಹೆಚ್ಚು ಕೇಳಿಸಿತು. ಆಮೇಲೆ ಅವರು ಚಪ್ಪಾಳೆ ತಟ್ಟಿದರು. ಸದ್ದು ಗೋಡೆಗೆ ಬಡಿದು ತಿರುಗಿ ಬಂತು. ಇಂಥ ಹಾಲಿನಲ್ಲಿ ಜೋರು ಮೈಕ್ ಹಾಕಿದಷ್ಟೂ ಮಾತು ಕಲಸುತ್ತದೆ.

ಅಲ್ಲೇ ಪಕ್ಕದ ಊಟದ ಕೋಣೆ ಮಾತ್ರ ಬಲು ಚೆನ್ನಾಗಿತ್ತು. ಬಫೆ ಮೇಜನ್ನು ಎರಡೂ ಕಡೆಯಿಂದ ಬಡಿಸಿಕೊಳ್ಳುವಂತೆ ಇಟ್ಟಿದ್ದರು, ಕೈತೊಳೆಯಲು ಸಾಲು ನಲ್ಲಿ, ಕಿಟಕಿ ಕಡೆ ನಿಂತು ಮಾತಾಡಲು ಧಾರಾಳ ಜಾಗ. ಸಮ್ಮೇಳನದ ನಿಜವಾದ ವ್ಯವಹಾರ ಕುದುರುವುದು ಇಂಥ ಕಡೆಯೇ. ಪೌಡರ್ ಕೋಟಿಂಗ್ ಮಾಡುವವನಿಗೆ ಶೀಟ್ ಮೆಟಲ್‌ನವನು ಸಿಗುವುದು ತಟ್ಟೆ ಹಿಡಿದು ನಿಂತಾಗ. ಅರ್ಧ ಗಂಟೆ ಕ್ಯೂನಲ್ಲೇ ಕಳೆದರೆ ಆ ಅವಕಾಶ ಹೋಯಿತು. ಊಟಕ್ಕೆ ಒಂದು ಗಂಟೆಗಿಂತ ಕಡಿಮೆ ಇಡಬೇಡಿ ಎಂದು ಸಂಘಟಕರಿಗೆ ನಾನು ಒತ್ತಿ ಹೇಳಿದೆ.

ವ್ಯವಸ್ಥಾಪಕರನ್ನು ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವು ದುಡ್ಡಿನವು. ಬಾಡಿಗೆಗೆ ಶೇ 18 ಜಿಎಸ್‌ಟಿ ಸೇರಿದೆಯೇ? ಸಂಘದ ಜಿಎಸ್‌ಟಿ ಸಂಖ್ಯೆ ಹಾಕಿ ಬಿಲ್ ಕೊಡುತ್ತಾರೆಯೇ? ಕರೆಂಟ್ ಹೋದರೆ ಜನರೇಟರ್ ಡೀಸೆಲ್ ಯಾರ ಲೆಕ್ಕ? ಹೊರಗಿನ ಅಡುಗೆಯವರನ್ನು ಬಿಡುತ್ತಾರೆಯೇ, ಪ್ಲೇಟ್ ಲೆಕ್ಕ ಎಷ್ಟರಿಂದ ಶುರು? ಇದೆಲ್ಲ ಬಾಯಿಮಾತಿನಲ್ಲಿ ಮುಗಿಯಬಾರದು, ಅಡ್ವಾನ್ಸ್ ಕೊಡುವ ರಸೀದಿಯಲ್ಲೇ ಇರಬೇಕು. ಆಷಾಢದಲ್ಲಿ ಮದುವೆಗಳಿಲ್ಲ, ಹಾಲ್‌ಗಳು ಖಾಲಿ. ಬಾಡಿಗೆ ಚೌಕಾಸಿಗೆ ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ.

ಅಲ್ಲಿಂದ ನೇರಳೆ ಮಾರ್ಗ ಹತ್ತಿ ವಿಧಾನಸೌಧದ ನಿಲ್ದಾಣದಲ್ಲಿ ಇಳಿದರೆ ಡಾ. ಅಂಬೇಡ್ಕರ್ ವೀಧಿಯಲ್ಲಿ ಇಂಜಿನಿಯರುಗಳ ಸಂಸ್ಥೆ, ಕ್ವೀನ್ಸ್ ರಸ್ತೆಯಲ್ಲಿ ಕೃಷಿ ತಂತ್ರಜ್ಞರ ಸಂಸ್ಥೆ. ಎರಡೂ ತಾಂತ್ರಿಕ ಗೋಷ್ಠಿಗಳಿಗೆ ಹೆಸರಾದವು. ಕುಮಾರಕೃಪಾ ರಸ್ತೆಯ ಗಾಂಧಿ ಭವನವೂ ಒಳ್ಳೆಯ ಆಯ್ಕೆಯೇ. ಜನವರಿಯಲ್ಲಿ ಚಿತ್ರಸಂತೆ ನಡೆಯುವ ಭಾನುವಾರ ಮಾತ್ರ ಆ ರಸ್ತೆಯ ಕಡೆ ತಲೆ ಹಾಕಬೇಡಿ. 1935ರ ಪುರಭವನದ ಕಂಬಸಾಲಿನ ಗಾಂಭೀರ್ಯಕ್ಕೆ ಎಣೆಯಿಲ್ಲ. ಆದರೆ ನೂರೈವತ್ತು ಜನ ಅಲ್ಲಿ ಕೂತರೆ ಮುಕ್ಕಾಲು ಸಭಾಂಗಣ ಖಾಲಿ ಕಾಣುತ್ತದೆ, ಮಾತಾಡುವವರ ಹುರುಪೂ ಇಳಿಯುತ್ತದೆ. ವಿಜಯನಗರದಲ್ಲಿ 1949ರಿಂದ ಸಣ್ಣ ಕೈಗಾರಿಕೆಗಳ ದನಿಯಾಗಿರುವ ಕಾಸಿಯಾ ಇದೆ. ಅದರ ಸದಸ್ಯರಾಗಿದ್ದರೆ ಮೊದಲು ಅಲ್ಲೇ ವಿಚಾರಿಸಿ.

ಕೊನೆಗೆ ಹಸಿರು ಮಾರ್ಗದ ತುದಿ, ಮಾದಾವರ. 2024ರ ನವೆಂಬರ್‌ನಲ್ಲಿ ನಾಗಸಂದ್ರದಿಂದ ಇಲ್ಲಿಗೆ ಮೆಟ್ರೊ ಬಂದ ಮೇಲೆ ತುಮಕೂರು ರಸ್ತೆಯ ಬಿಐಇಸಿ ದೂರದ ಜಾಗವಾಗಿ ಉಳಿದಿಲ್ಲ. ಇಮ್ಟೆಕ್ಸ್‌ನಂಥ ಯಂತ್ರೋಪಕರಣ ಪ್ರದರ್ಶನ ನಡೆಯುವ ಅಂಗಳ ಇದು. ಟನ್‌ಗಟ್ಟಲೆ ಭಾರದ ಯಂತ್ರವನ್ನು ಲಾರಿಯಿಂದ ಇಳಿಸಿ ನಿಲ್ಲಿಸಬಹುದು. ಯಂತ್ರ ತೋರಿಸುವುದಿದ್ದರೆ ಇಲ್ಲಿಗೇ ಬನ್ನಿ. ಬರೀ ಮಾತು, ಊಟ, ಪರಿಚಯ ಎಂದರೆ ಇಷ್ಟು ದೊಡ್ಡ ಅಂಗಳ ಬೇಕಿಲ್ಲ.

ನಮ್ಮ ಗುಂಪಿಗೆ ಕೆ.ಜಿ. ರಸ್ತೆ–ಗಾಂಧಿನಗರದ ಸುತ್ತಲೇ ಸರಿ ಎಂದು ತೀರ್ಮಾನವಾಯಿತು. ಕಂಬದ ಹಾಲ್ ಬೇಡ, ಅಂಥದೇ ಊಟದ ಕೋಣೆಯಿರುವ ಬೇರೊಂದು ಬೇಕು. ನೀವೂ ಹುಡುಕುವುದಾದರೆ ಭಾನುವಾರ ಸಂಜೆ ಕಾರಿನಲ್ಲಿ ಹೋಗಿ ನೋಡಬೇಡಿ. ಕೆಲಸದ ದಿನ ಬೆಳಿಗ್ಗೆ, ನಿಮ್ಮ ಸದಸ್ಯರು ಬರುವ ಬಸ್ಸಿನಲ್ಲೋ ಮೆಟ್ರೊದಲ್ಲೋ ಹೋಗಿ, ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ನೋಡಿ. ಅಡ್ವಾನ್ಸ್ ಆಮೇಲೆ ಕೊಡಿ.