ಕಿಡ್ನಿ ಕಲ್ಲು: ಅನ್ನ ಬಿಡಬೇಕೆ? ಟಗರಿಗೆ ತೌಡು ಹಾಕಬೇಕೆ?



ಸಿರುಗುಪ್ಪ, ಕುರುಗೋಡು ಭಾಗದ ಸಂಘಗಳಲ್ಲಿ ದನಗಳ ವಿಚಾರ ಮುಗಿದ ಮೇಲೆ ಈ ಪ್ರಶ್ನೆ ಬರುವುದುಂಟು: "ಸಾರ್, ಕಿಡ್ನಿಯಾಗ ಕಲ್ಲು ಆಗೇತಿ, ಅನ್ನ ಬಿಡಬೇಕೇನ್ರಿ?" ನಾನು ದನದ ಡಾಕ್ಟರು, ಮನುಷ್ಯರಿಗೆ ಔಷಧಿ ಬರೆಯುವವನಲ್ಲ. ಆದರೆ ಕಲ್ಲು ಕಟ್ಟುವ ಮೂಲ ಕ್ರಮ ಮನುಷ್ಯರಲ್ಲೂ ಟಗರಿನಲ್ಲೂ ಒಂದೇ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆ ನೀರು ಹರಿದ ಮೇಲೆ ಜೋಳದ ಈ ಸೀಮೆಯಲ್ಲಿ ಭತ್ತ ಹೆಚ್ಚಿತು. ಈಗ ಅಕ್ಕಿ ಮನೆಗೆ, ತೌಡು ಮತ್ತು ಹುಲ್ಲು ಕೊಟ್ಟಿಗೆಗೆ. ಹಾಗಾಗಿ ಎರಡನ್ನೂ ಒಟ್ಟಿಗೆ ನೋಡೋಣ.

ಕಲ್ಲು ಕಟ್ಟುವುದು ಹೇಗೆ?

ಉಪ್ಪು ಕರಗಿಸಿದ ನೀರನ್ನು ಬಿಸಿಲಿಗಿಟ್ಟರೆ ನೀರು ಆರಿ ಹರಳು ಉಳಿಯುತ್ತದೆ. ಮೂತ್ರದಲ್ಲಿಯೂ ಹೀಗೆಯೇ. ನೀರು ಕಡಿಮೆಯಾಗಿ ಲವಣ ಹೆಚ್ಚಾದರೆ ಹರಳು ಕೂಡುತ್ತದೆ, ಹರಳು ಬೆಳೆದು ಕಲ್ಲಾಗುತ್ತದೆ. ಮನುಷ್ಯರಲ್ಲಿ ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಸೇರಿ ಆದವು. ಅಕ್ಕಿಯಲ್ಲಿ ಉಳಿದ ಸಣ್ಣ ಕಲ್ಲು ನುಂಗಿದ್ದರಿಂದ ಕಿಡ್ನಿ ಕಲ್ಲಾಯಿತು ಎಂಬ ಮಾತಿದೆ. ಅದು ನಿಜವಲ್ಲ. ನುಂಗಿದ ಕಲ್ಲು ಕರುಳಿನಲ್ಲಿ ಸಾಗಿ ಮಲದೊಂದಿಗೆ ಹೊರಗೆ ಹೋಗುತ್ತದೆ. ಅದು ಕಿಡ್ನಿಗೆ ಹೋಗುವ ದಾರಿಯೇ ಇಲ್ಲ.

ಅನ್ನ ತಿನ್ನಬಹುದೇ?

ಪಾಲಿಶ್ ಆದ ಬಿಳಿ ಅಕ್ಕಿಯಲ್ಲಿ ಆಕ್ಸಲೇಟ್ ಕಡಿಮೆ. ಅದು ಹೆಚ್ಚಿರುವುದು ತೌಡಿನಲ್ಲಿ, ಮಿಲ್ಲಿನಲ್ಲಿ ಬೇರೆಯಾಗುವ ಭಾಗದಲ್ಲಿ. ಆದ್ದರಿಂದ ಕಲ್ಲಾಯಿತೆಂದು ಅನ್ನ ಬಿಡಬೇಕಾಗಿಲ್ಲ. ಸಕ್ಕರೆ ಕಾಯಿಲೆ ಇದ್ದವರು ಅನ್ನದ ಅಳತೆ ನೋಡಬೇಕು, ಅದು ಬೇರೆ ಕಾರಣ. ಅನ್ನಕ್ಕಿಂತ ಅದರ ಪಕ್ಕದಲ್ಲಿ ಏನಿದೆ ಎಂಬುದು ಮುಖ್ಯ. ಉಪ್ಪಿನಕಾಯಿ, ಹಪ್ಪಳ, ಉಪ್ಪು ಹಾಕಿದ ಮಿರ್ಚಿ ಹೆಚ್ಚಾದಷ್ಟೂ ಮೂತ್ರಕ್ಕೆ ಇಳಿಯುವ ಕ್ಯಾಲ್ಸಿಯಂ ಹೆಚ್ಚುತ್ತದೆ. ದಿನಕ್ಕೆ ಎಲ್ಲಾ ಸೇರಿ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚದಷ್ಟು ಉಪ್ಪು ಸಾಕು. ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟ್ ಬಹಳ, ಅದನ್ನು ಕಡಿಮೆ ಮಾಡಿ.

ಹಾಲು ಬಿಡಬೇಡಿ

"ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆ, ಹಾಲಿನಲ್ಲೂ ಇದೆ" ಎಂದು ಹಾಲು, ಮಜ್ಜಿಗೆ ನಿಲ್ಲಿಸುವವರಿದ್ದಾರೆ. ಊಟದ ಜೊತೆ ಸೇರಿದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಕಳಿಸುತ್ತದೆ. ಹಾಲು ಬಿಟ್ಟರೆ ಆ ಆಕ್ಸಲೇಟ್ ರಕ್ತಕ್ಕೆ ಸೇರಿ ಕಿಡ್ನಿಗೆ ಬರುತ್ತದೆ. ಇಟಲಿಯಲ್ಲಿ ಪದೇ ಪದೇ ಕಲ್ಲಾಗುತ್ತಿದ್ದ 120 ಗಂಡಸರನ್ನು 5 ವರ್ಷ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಜನರಲ್ಲಿ 23 ಮಂದಿಗೆ ಮತ್ತೆ ಕಲ್ಲಾಯಿತು. ಕ್ಯಾಲ್ಸಿಯಂ ಎಂದಿನಂತೆ ಇಟ್ಟು, ಉಪ್ಪು ಮತ್ತು ಮಾಂಸ ಕಡಿಮೆ ಮಾಡಿದ 60 ಜನರಲ್ಲಿ 12 ಮಂದಿಗೆ ಮಾತ್ರ. ಆದ್ದರಿಂದ ಡೇರಿಗೆ ಹಾಕುವ ಮುಂಚೆ ಮನೆಗೂ ಒಂದಿಷ್ಟು ಹಾಲು ಉಳಿಸಿಕೊಳ್ಳಿ.

ನೀರೇ ಮೊದಲ ಔಷಧಿ

ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗಬೇಕು. ನಮ್ಮ ಬಿಸಿಲಿನಲ್ಲಿ ಬೆವರಿ ದುಡಿಯುವವರಿಗೆ ಅದಕ್ಕಾಗಿ ಮೂರು ಲೀಟರ್ ನೀರೂ ಸಾಲದೆ ಹೋಗಬಹುದು. ಮೂತ್ರ ತಿಳಿಯಾಗಿದ್ದರೆ ಸರಿ, ಗಾಢ ಹಳದಿಯಾದರೆ ನೀರು ಸಾಲದು. ಹೊಲದಲ್ಲಿ ಶೌಚಾಲಯ ಇಲ್ಲವೆಂದು ನಾಟಿಗೆ ಹೋಗುವ ಹೆಣ್ಣುಮಕ್ಕಳು ನೀರು ಕುಡಿಯದೆ ಇರುತ್ತಾರೆ. ಅವರಿಗೆ ಮರೆಯ ಜಾಗ ಮಾಡಿಕೊಡುವುದೂ ಕಲ್ಲು ತಡೆಯುವ ಕೆಲಸವೇ. ನಿಂಬೆರಸದ ನೀರೂ ಒಳ್ಳೆಯದು. ಕಿಡ್ನಿ ವೈಫಲ್ಯ ಅಥವಾ ಹೃದಯದ ತೊಂದರೆ ಇದ್ದವರು ಮಾತ್ರ ನೀರಿನ ಅಳತೆಯನ್ನು ತಮ್ಮ ವೈದ್ಯರನ್ನೇ ಕೇಳಬೇಕು. ಜ್ವರದೊಂದಿಗೆ ಸೊಂಟ ನೋವು ಬಂದರೆ ಅಥವಾ ಮೂತ್ರ ನಿಂತರೆ ಕಾಯದೆ ಆಸ್ಪತ್ರೆಗೆ ಹೋಗಿ.

ಕೊಟ್ಟಿಗೆಯಲ್ಲಿ ಲೆಕ್ಕ ಬೇರೆ

ನಾವು ಬಿಟ್ಟ ತೌಡನ್ನೇ ಟಗರು, ಹೋತ, ಹೋರಿಗರುಗಳಿಗೆ ಸುರಿಯುತ್ತೇವೆ. ತೌಡಿನಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹತ್ತು ಪಟ್ಟಿಗೂ ಹೆಚ್ಚು. ಮೇವಿನಲ್ಲಿ ಇರಬೇಕಾದದ್ದು ಇದರ ತಿರುವು: ರಂಜಕ ಒಂದು ಪಾಲಾದರೆ ಕ್ಯಾಲ್ಸಿಯಂ ಎರಡು ಪಾಲು. ಹೆಚ್ಚಾದ ರಂಜಕ ಮೂತ್ರಕ್ಕೆ ಬಂದು ಮರಳಿನಂಥ ಹರಳಾಗುತ್ತದೆ. ಹಸುವಿನ ಮೂತ್ರನಾಳ ಗಿಡ್ಡ ಮತ್ತು ಅಗಲ, ಹರಳು ಹೊರಗೆ ಹೋಗುತ್ತದೆ. ಗಂಡಿನಲ್ಲಿ ನಾಳ ಉದ್ದ, ಕಿರಿದು, ನಡುವೆ ಡೊಂಕು ಬೇರೆ. ಚಿಕ್ಕಂದಿನಲ್ಲೇ ಬೀಜ ಒಡೆಸಿದವುಗಳಲ್ಲಿ ನಾಳ ಇನ್ನೂ ಸಣ್ಣದು.

ಹಾಲು ಕೊಡುವ ಹಸುವಿಗೂ ತೌಡು ಮತ್ತು ಭತ್ತದ ಹುಲ್ಲು ಮಾತ್ರ ಸಾಲದು. ಹುಲ್ಲಿನಲ್ಲಿನ ಆಕ್ಸಲೇಟ್ ಇರುವ ಅಲ್ಪ ಕ್ಯಾಲ್ಸಿಯಂ ಅನ್ನೂ ಹಿಡಿದಿಡುತ್ತದೆ. ಸಮತೋಲನ ಪಶು ಆಹಾರ, ಹಸಿ ಮೇವು, ಖನಿಜ ಮಿಶ್ರಣ ಜೊತೆಗಿರಲಿ.

ಟಗರು ಸಾಕುವವರು ಗಮನಿಸಿ:

• ತೌಡೊಂದನ್ನೇ ಹಾಕಬೇಡಿ. ಜೋಳದ ಸೊಪ್ಪೆ, ಶೇಂಗಾ ಹೊಟ್ಟು, ಕುದುರೆ ಮೆಂತ್ಯ ಬೆರೆಸಿ.
• ಸುಣ್ಣಕಲ್ಲಿನ ಪುಡಿ ಎಷ್ಟು ಸೇರಿಸಬೇಕೆಂದು ಪಶುವೈದ್ಯರನ್ನು ಕೇಳಿ.
• ಮೇವಿಗೆ ಸ್ವಲ್ಪ ಉಪ್ಪು ಹಾಕಿ. ಉಪ್ಪು ತಿಂದ ಟಗರು ಹೆಚ್ಚು ನೀರು ಕುಡಿಯುತ್ತದೆ. ಆದರೆ ಶುದ್ಧ ನೀರು ದಿನವಿಡೀ ಮುಂದಿರಬೇಕು.

ಪ್ರಾಣಿ ಮುಕ್ಕರಿಯುವುದು, ಬಾಲ ಅಲ್ಲಾಡಿಸುವುದು, ಹೊಟ್ಟೆಗೆ ಒದೆಯುವುದು, ಹನಿ ಹನಿ ಮೂತ್ರ, ಮೂತ್ರದ್ವಾರದ ಕೂದಲಿನಲ್ಲಿ ಬಿಳಿ ಹರಳು, ಇವು ಅಪಾಯದ ಗುರುತು. ಹಲವರು ಮಲಬದ್ಧತೆ ಎಂದು ತಿಳಿದು ಎಣ್ಣೆ ಕುಡಿಸುತ್ತಾರೆ. ಹೊತ್ತು ಕಳೆದಂತೆ ಮೂತ್ರಚೀಲ ಒಡೆಯುತ್ತದೆ. ಆಗ ನೋವು ಕಡಿಮೆಯಾದಂತೆ ಕಂಡು, ಪ್ರಾಣಿ ಸುಧಾರಿಸಿತು ಎನಿಸುತ್ತದೆ. ಆದರೆ ಹೊಟ್ಟೆ ಉಬ್ಬುತ್ತಾ ಎರಡು ಮೂರು ದಿನದಲ್ಲಿ ಸಾಯುತ್ತದೆ. ಮೂತ್ರ ಕಟ್ಟಿದ ಮೇಲೆ ಬಲವಂತವಾಗಿ ನೀರು ಕುಡಿಸಬೇಡಿ. ಮೂತ್ರ ನಿಂತ ದಿನವೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ.