ಮನೆಯ ನಂಬರೇ ತೊಡಕಾದಾಗ

ಏಳು ತಿಂಗಳ ಬಸುರಿ ಮಗಳು ತವರಿಗೆ ಬಂದಳು, ಜೊತೆಗೆ ಅವಳ ಆಫೀಸಿನ ಲ್ಯಾಪ್‌ಟಾಪೂ ಬಂತು. 26 ವಾರದ ಹೆರಿಗೆ ರಜೆಯಲ್ಲಿ ಮೊದಲೇ ಕಳೆದಷ್ಟೂ ಕೂಸಿನ ಜೊತೆಗಿರುವ ದಿನ ಕಡಿಮೆ. ಅದಕ್ಕೇ ಆದಷ್ಟು ದಿನ ಮನೆಯಿಂದಲೇ ದುಡಿಯುತ್ತೇನೆಂದು ಆಫೀಸಿನವರನ್ನು ಒಪ್ಪಿಸಿಕೊಂಡು ಬಂದಿದ್ದಳು.

ಸೋಮವಾರ ಬೆಳಿಗ್ಗೆ ನಾನು ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಒಳಗಿನಿಂದ ಕೂಗು: "ಅಮ್ಮಾ, ವಿಪಿಎನ್ ಕನೆಕ್ಟ್ ಆಗಿದೆ ಅಂತ ತೋರಿಸ್ತಿದೆ, ಆದ್ರೆ ಆಫೀಸಿನ ಒಂದು ಫೈಲೂ ತೆಗೀತಿಲ್ಲ!"

ವಿಪಿಎನ್ ಎಂದರೆ ಏನೋ ಎಂತೋ ಎಂದು ಹೆದರಬೇಡಿ. ಇಂಟರ್ನೆಟ್ಟಿನೊಳಗೇ ಮನೆಯಿಂದ ಆಫೀಸಿಗೆ ತೋಡಿದ ಸುರಂಗವಿದ್ದ ಹಾಗೆ. ಅದರಲ್ಲಿ ಹೋಗುವುದನ್ನು ನಡುದಾರಿಯಲ್ಲಿ ಬೇರೆಯವರು ಓದಲಾರರು.

ಯಜಮಾನರು ರೌಟರನ್ನು ನಾಲ್ಕು ಸಲ ಆರಿಸಿ ಹಾಕಿದರು. ಲೈನಿನವರು ಬಂದು "ನಮ್ಮದೇನೂ ತಪ್ಪಿಲ್ಲ" ಎಂದು ಕಾಫಿ ಕುಡಿದು ಹೋದರು. ಬುಧವಾರದೊಳಗೆ ಸರಿಯಾಗದಿದ್ದರೆ ಬೆಂಗಳೂರಿಗೆ ವಾಪಸು ಬರಬೇಕೆಂದು ಆಫೀಸಿನಿಂದ ಫೋನು. ಆ ಹೊಟ್ಟೆ ಹೊತ್ತುಕೊಂಡು ಬಸ್ಸಿನ ಕುಲುಕಾಟವೇ? ನನಗಂತೂ ಊಟ ಸೇರಲಿಲ್ಲ.

ಮಂಗಳವಾರ ಮಗಳು ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ನೋಡಿದಳು. ಫೈಲು ತಟ್ಟನೆ ತೆರೆಯಿತು! ಅಂದಮೇಲೆ ತೊಡಕು ಲ್ಯಾಪ್‌ಟಾಪಿನದಲ್ಲ, ನಮ್ಮ ರೌಟರಿನ ಕಡೆಯದು. ಆಫೀಸಿನ ಕಂಪ್ಯೂಟರ್ ಹುಡುಗ ಫೋನಿನಲ್ಲಿ ಕೇಳಿದ: "ಅಕ್ಕಾ, ಮನೆ ವೈಫೈನಲ್ಲಿ ನಿಮ್ಮ ಲ್ಯಾಪ್‌ಟಾಪಿಗೆ ಯಾವ ನಂಬರ್ ಬಂದಿದೆ?" 192.168.1.7 ಎಂದಳು. ಫೈಲುಗಳಿರುವ ಆಫೀಸಿನ ಕಂಪ್ಯೂಟರಿನದು 192.168.1.20. ಅಲ್ಲೇ ಇತ್ತು ನೋಡಿ ಗುಟ್ಟು!

ಎರಡು ಊರಲ್ಲೂ ಗಾಂಧಿ ಬಜಾರ್ ಇದ್ದು, ಚೀಟಿಯಲ್ಲಿ ಊರಿನ ಹೆಸರೇ ಇಲ್ಲದಿದ್ದರೆ? ಲ್ಯಾಪ್‌ಟಾಪು 20ನೇ ನಂಬರನ್ನು ನಮ್ಮ ಮನೆಯೊಳಗೇ ಹುಡುಕುತ್ತಿತ್ತು, ಸುರಂಗದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಪರಿಹಾರ ಹತ್ತೇ ನಿಮಿಷದ್ದು. ಬ್ರೌಸರಿನಲ್ಲಿ 192.168.1.1 ಎಂದು ಬರೆದು, ರೌಟರಿನ ತಳದ ಚೀಟಿಯಲ್ಲಿದ್ದ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋದೆವು. 'ಲ್ಯಾನ್' ಎಂಬ ಕಡೆ ಆ ನಂಬರನ್ನು 192.168.50.1 ಎಂದು ಬದಲಿಸಿ ಸೇವ್ ಮಾಡಿದೆವು. ಕೆಳಗಿನ 'ಡಿಎಚ್‌ಸಿಪಿ' ನಂಬರುಗಳೂ 192.168.50 ಎಂದೇ ಶುರುವಾಗಬೇಕು. ರೌಟರು ಆರಿ ಹತ್ತಿತು, ವೈಫೈ ಮತ್ತೆ ಸೇರಿತು, ಫೈಲು ತೆರೆಯಿತು!

ನಿಮ್ಮ ಮನೆಯಲ್ಲೂ ಇಂಥ ಪೇಚಾಟವಾದರೆ:

* ಮೊದಲು ಹಾಟ್‌ಸ್ಪಾಟಿನಲ್ಲಿ ಪರೀಕ್ಷಿಸಿ. ತಪ್ಪು ಯಾವ ಕಡೆಯದೆಂದು ಆಗಲೇ ತಿಳಿಯುತ್ತದೆ.
* ವಿಪಿಎನ್ ಕನೆಕ್ಟೇ ಆಗದಿದ್ದರೆ ರೌಟರಿನಲ್ಲಿ 'ವಿಪಿಎನ್ ಪಾಸ್‌ಥ್ರೂ' ಎಂಬುದು ಆನ್ ಇದೆಯೇ ನೋಡಿ.
* ಏನನ್ನು ಬದಲಿಸುವ ಮುಂಚೆಯೂ ಹಳೆಯದನ್ನು ಬರೆದಿಡಿ. ಮುಂದಿನ ಸಲ ರೌಟರಿನ ಪುಟ ತೆರೆಯುವುದು ಹೊಸ ನಂಬರಿನಲ್ಲೇ.
* ಅವಸರಕ್ಕೆ ಫೈರ್‌ವಾಲ್ ಆರಿಸಬೇಡಿ. ಅದು ಮನೆಗೆ ಬಾಗಿಲಿದ್ದಂತೆ.

ಈಗ ಮೊಮ್ಮಗಳಿಗೆ ಮೂರು ತಿಂಗಳು. ಅವಳಮ್ಮನ ರಜೆ ಇನ್ನೂ ಉಳಿದಿದೆ. ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ, ಹಾಲಿನ ಲೆಕ್ಕದ ಪಕ್ಕದಲ್ಲೇ, ಆ ಹೊಸ ನಂಬರನ್ನು ಬರೆದಿಟ್ಟಿದ್ದೇನೆ.