ಆಣಿ ಕಾಲಲ್ಲಿ, ಕಾರಣ ಶೂನಲ್ಲಿ

ವರ್ಕ್‌ಶಾಪ್ ಲ್ಯಾಬ್‌ನಲ್ಲಿ ಗಂಟೆಗಟ್ಟಲೆ ನಿಲ್ತೀವಿ, ಉಳಿದ ಹೊತ್ತು ಅದೇ ಬಿಗಿ ಶೂನಲ್ಲಿ ಕ್ಯಾಂಪಸ್ ಸುತ್ತುತೀವಿ. ಹಾಗಾಗಿ ನಮ್ಮಲ್ಲಿ ಹಲವರಿಗೆ ಕಿರುಬೆರಳ ಮೇಲೋ ಅಂಗಾಲಲ್ಲೋ ಒಂದು ಗಟ್ಟಿ ಗಂಟು ಇರುತ್ತೆ. ಅದೇ ಆಣಿ. ಆಣಿ ಅಂದ್ರೆ ಮೊಳೆ ಅಂತಲೂ ಅರ್ಥ. ನಡೆದಾಗ ಮೊಳೆ ಚುಚ್ಚಿದ ಹಾಗೇ ಆಗುತ್ತೆ.

ಇದು ಹೇಗೆ ಹುಟ್ಟುತ್ತೆ? ಶೂ ಒಂದೇ ಜಾಗವನ್ನು ಒತ್ತಿ ಉಜ್ಜುತ್ತಾ ಇದ್ದರೆ, ಚರ್ಮ ತನ್ನ ರಕ್ಷಣೆಗೆ ಕೆರಾಟಿನ್ ಪದರಗಳನ್ನು ದಪ್ಪ ಮಾಡಿಕೊಳ್ಳುತ್ತೆ. ನಡುವಿನ ತಿರುಳು ಶಂಕುವಿನ ಆಕಾರದಲ್ಲಿ ಒಳಮುಖವಾಗಿ ಗಟ್ಟಿಯಾಗುತ್ತೆ. ಒತ್ತಡ ಅಂದ್ರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು, ಅಲ್ವಾ? ಶಂಕುವಿನ ತುದಿ ಚಿಕ್ಕದು, ಅದಕ್ಕೇ ಅಷ್ಟು ನೋವು. ಆಣಿಗೆ ಬೇರು ಇದೆ ಅಂತಾರೆ, ಆದರೆ ಬೇರು ಇಲ್ಲ. ತೆಗೆದರೂ ಮತ್ತೆ ಬರೋದು ಒತ್ತಡ ಹಾಗೇ ಉಳಿಯೋದರಿಂದ.

ಆದ್ದರಿಂದ ಮೊದಲ ಚಿಕಿತ್ಸೆ ಶೂಗೆ. ಹಾಳೆಯ ಮೇಲೆ ನಿಂತು ಪಾದದ ಗೆರೆ ಎಳೆದು, ಅದರ ಮೇಲೆ ಶೂ ಇಟ್ಟು ನೋಡಿ. ಗೆರೆ ಹೊರಗೆ ಕಂಡರೆ ಶೂ ಇಕ್ಕಟ್ಟು. ಹೊಸದನ್ನು ಸಂಜೆ ಕೊಳ್ಳೋದು ಒಳ್ಳೆಯದು, ಆಗ ಪಾದ ಸ್ವಲ್ಪ ಊದಿರುತ್ತೆ. ಬೆರಳ ಮುಂದೆ ಹೆಬ್ಬೆರಳಗಲ ಜಾಗ ಇರಲಿ.

ಆಮೇಲೆ ಆಣಿಗೆ. ಉಗುರುಬೆಚ್ಚಗಿನ ನೀರಲ್ಲಿ ಪಾದವನ್ನು 5ರಿಂದ 10 ನಿಮಿಷ ಇಟ್ಟು, ಕಾಲು ಉಜ್ಜುವ ಕಲ್ಲಿನಿಂದ ಮೆಲ್ಲಗೆ ಉಜ್ಜಿ, ಒರೆಸಿ, ಕ್ರೀಮ್ ಹಚ್ಚಿ. ಒಂದೇ ದಿನಕ್ಕೆ ಮುಗಿಸುವ ಆತುರ ಬೇಡ, ಕೆಲವು ವಾರ ಹಿಡಿಯುತ್ತೆ. ನಡುವೆ ತೂತಿರುವ ಪ್ಯಾಡ್ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತೆ. ಅದು ವಾಷರ್ ಥರ ಭಾರವನ್ನು ಸುತ್ತಲಿನ ಚರ್ಮಕ್ಕೆ ಹಂಚುತ್ತೆ.

ಬ್ಲೇಡ್ ಮಾತ್ರ ಮುಟ್ಟಬೇಡಿ. ಕಾರ್ನ್ ಕ್ಯಾಪ್‌ನಲ್ಲಿರೋ ಸ್ಯಾಲಿಸಿಲಿಕ್ ಆಮ್ಲಕ್ಕೆ ಆಣಿ ಯಾವುದು, ಒಳ್ಳೆ ಚರ್ಮ ಯಾವುದು ಅಂತ ಗೊತ್ತಾಗಲ್ಲ. ಜಾಗ ತಪ್ಪಿದರೆ ಪಕ್ಕದ ಚರ್ಮವೂ ಸುಡುತ್ತೆ.

ಇನ್ನೊಂದು ಅನುಮಾನ ಬಗೆಹರಿಸಿಕೊಳ್ಳಿ. ನೇರ ಒತ್ತಿದರೆ ಹೆಚ್ಚು ನೋವಾದರೆ ಸಾಮಾನ್ಯವಾಗಿ ಅದು ಆಣಿ. ಎರಡು ಬದಿಯಿಂದ ಹಿಂಡಿದಾಗ ಹೆಚ್ಚು ನೋವಾಗಿ, ಒಳಗೆ ಕಪ್ಪು ಚುಕ್ಕೆ ಕಂಡರೆ ನರಹುಲಿ ಇರಬಹುದು. ಅದು ವೈರಸ್‌ನಿಂದ ಬರೋದು, ಹರಡುತ್ತೆ. ಡಾಕ್ಟರಿಗೆ ತೋರಿಸಿ.

ಕೊನೆಯ ಮಾತು ನಮಗಿಂತ ನಮ್ಮ ಮನೆಯವರಿಗೆ. ಶುಗರ್ ಇರುವ ಅಪ್ಪ, ಅಮ್ಮ, ಅಜ್ಜ, ಅಜ್ಜಿ ಆಣಿಯನ್ನು ಮನೆಯಲ್ಲಿ ಕೆರೆಯೋದು, ಕ್ಯಾಪ್ ಅಂಟಿಸೋದು ಬೇಡ. ಶುಗರ್‌ನಿಂದ ಪಾದದ ನರಗಳು ಮರಗಟ್ಟಿದ್ದರೆ ಗಾಯ ಆಗಿದ್ದೇ ತಿಳಿಯಲ್ಲ, ಮಾಯೋದೂ ನಿಧಾನ. ಸಣ್ಣ ಗಾಯ ಹುಣ್ಣಾಗಿ ಬೆರಳನ್ನೇ ತೆಗೆಯುವ ಸ್ಥಿತಿಗೆ ಬರಬಹುದು. ಈ ಸಲ ಊರಿಗೆ ಹೋದಾಗ ಅವರ ಪಾದ ನೋಡಿ. ಆಣಿ, ಕೀವು, ಕೆಂಪು ಯಾವುದು ಕಂಡರೂ ನೇರ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ.